ಹಗೇವಿನ ಕಲ್ಲಿನ ಮೇಲೆ ನಿಂತಿದ್ದ ಅಪ್ಪ

ನಾನು ಚಿಕ್ಕವಳಿದ್ದಾಗ ನಮಗೆ ಅಫಜಲಪುರದಲ್ಲಿ ಒಂದು ಮನೆ ಬೇಕಾಗಿತ್ತು. ಅಲ್ಲಿ ಯಾರಿಗೂ ನಾವು ಬೇಕಾಗಿರಲಿಲ್ಲ. ಇಷ್ಟೇ ಕತೆ. ಆದರೂ ಆ ಮೊಬೈಲು ಕೆಳಗಿಟ್ಟು ಪೂರ್ತಿ ಕೇಳಿ. ಇವತ್ತೇ ಇದನ್ನು ಹೇಳುವುದಕ್ಕೆ ಕಾರಣವಿದೆ. ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಹಳ್ಳಿ ಭೀಮಾ ನದಿಯ ದಂಡೆಗಿತ್ತು. ಅಕ್ಕ ಅಲ್ಲಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದಳು. ಮುಂದೆ ಓದಬೇಕೆಂದರೆ ಅಫಜಲಪುರಕ್ಕೇ ಬರಬೇಕು. ಮಳೆಗಾಲದಲ್ಲಿ ಆ ಕರಿಮಣ್ಣಿನ ದಾರಿಯಲ್ಲಿ ಎತ್ತಿನ ಬಂಡಿಯೇ ಹೂತುಹೋಗುತ್ತಿತ್ತು, ಇನ್ನು ಹುಡುಗಿ ದಿನಾ ಹೋಗಿ ಬರುವುದೆಲ್ಲಿಂದ? ಮನೆಯ ಹಿರಿಯರು ಆಗಲೇ ಅಕ್ಕನಿಗೆ ವರ ನೋಡಿಟ್ಟಿದ್ದರು. ಶಾಲೆ ಶುರುವಾಗುವುದರೊಳಗೆ ಊರಲ್ಲಿ ಮನೆಯಾದರೆ ಅಕ್ಕನಿಗೆ ಓದು, ಆಗದಿದ್ದರೆ ಮದುವೆ. "ಅಕಿ ಶಾಲಿ ಬಿಡಬಾರದು" ಎಂದು ಅಪ್ಪ ಹಟ ಹಿಡಿದ. ಅವ್ವ ತನ್ನ ಬೋರಮಾಳ ಸರ ಬಿಚ್ಚಿ ಅವನ ಕೈಗೆ ಕೊಟ್ಟಳು.

ಅಪ್ಪನ ಕಸುಬು ಹಗೇವು ಇಳಿಯುವುದು. ಹಗೇವು ಅಂದರೆ ನೆಲದಲ್ಲಿ ತೋಡಿದ ಕಣಜ. ಎರಡಾಳು ಆಳ. ಬಾಯಿ ಒಬ್ಬ ತೆಳ್ಳನೆಯ ಮನುಷ್ಯ ನುಸುಳುವಷ್ಟು, ಒಳಗೆ ಮಾತ್ರ ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಚಪ್ಪಟೆ ಪರಸಿ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಅವಸರ ಮಾಡಿದವನು ಸತ್ತ ಅಂತಲೇ ಲೆಕ್ಕ, ಒಳಗಿನ ಗಾಳಿ ಅಷ್ಟು ಕೆಟ್ಟದ್ದು. ಅಪ್ಪ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಅದು ಆರಿದರೆ ಕಾಯುತ್ತಿದ್ದ. ಆರದಿದ್ದರೆ ತಾನು ಇಳಿಯುತ್ತಿದ್ದ. ಅವನು ತಿರುಗಿ ಬರುವ ತನಕ ಅವ್ವ ಊಟ ಮಾಡುತ್ತಿರಲಿಲ್ಲ. ಬಂದಾಗ ಅವನ ಅಂಗಿಯಿಂದ ಬೆಚ್ಚಗಿನ, ಹುಳಿಹುಳಿ ವಾಸನೆ ಬರುತ್ತಿತ್ತು. ನೆಲದೊಳಗೆ ಕೂತು ಹಳತಾದ ಜೋಳದ ವಾಸನೆ ಅದು. ನಾನು ಅದರಲ್ಲೇ ಬೆಳೆದವಳು.

ಆ ಕಸುಬಿಗೆ ಒಂದು ಕಟ್ಟುಪಾಡು ಇತ್ತು. ಯಾರ ಹಗೇವಿನಲ್ಲಿ ಎಷ್ಟಿದೆ ಎಂದು ಹೊರಗೆ ಬಾಯಿ ಬಿಡಬಾರದು. ಅವ್ವ ಕೇಳಿದರೂ ಅಪ್ಪ "ಕತ್ತಲ ಇತ್ತು, ಕಾಣಲಿಲ್ಲ" ಎಂದು ನಕ್ಕುಬಿಡುತ್ತಿದ್ದ. ಅದಕ್ಕೇ ಅಫಜಲಪುರದ ದೊಡ್ಡ ದೊಡ್ಡ ಮನೆಯವರೆಲ್ಲ ಅವನನ್ನೇ ಕರೆಸುತ್ತಿದ್ದರು. ತಮ್ಮ ಪಡಸಾಲೆಯ ಕೆಳಗೆ ಇಳಿಸಲು ಅವನು ಆಗುತ್ತಿದ್ದ. ಪಕ್ಕದ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ. ಎಂಥ ಮಂದಿ ನೋಡಿ!

ಕೊನೆಗೆ ಒಬ್ಬ ಮುದುಕಿ ಮನೆ ಕೊಡಲು ಒಪ್ಪಿದಳು. ನಾವು ಅವಳನ್ನು ಮನೀ ಆಯಿ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಮನೆಗೆ ಕೀಲಿ ಹಾಕಿ ಜೇವರ್ಗಿಯಲ್ಲಿ ಮಗಳ ಹತ್ತಿರ ಇದ್ದಳು. ಮೂರು ವರ್ಷದಿಂದ ಮನೆ ಮುಚ್ಚಿಯೇ ಇತ್ತು. ಆಗ ಮನೆ ಕೊಳ್ಳುವವರಿಗೆ ಚಕ್ಕುಬಂದಿ ತೋರಿಸುವ ಪದ್ಧತಿ ಇತ್ತು. ಅಕ್ಕಪಕ್ಕದ ಮನೆಯವರು ಬಂದು, ನಡುವಿನ ಗೋಡೆಗೆ ಅಂಗೈ ಹಚ್ಚಿ, "ಇಲ್ಲಿ ತನಕ ನಂದು, ಅದರಾಚಿ ನಿಮ್ದು" ಎನ್ನಬೇಕು. ಆಮೇಲೆಯೇ ಕಾಗದ ಬರೆಯುವುದು. ಆ ಮನೆಗೆ ಮೂರು ಕಡೆ ದಾರಿ. ನಾಲ್ಕನೆಯ ಕಡೆ, ಗೋಡೆಗೆ ಗೋಡೆ ಹತ್ತಿ, ಒಬ್ಬ ಸಾವ್ಕಾರನ ಮನೆ.

ಚಕ್ಕುಬಂದಿಯ ದಿನ ನಾವು ನಾಲ್ಕೂ ಜನ ಬಸ್ಸಿನಿಂದ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಕ್ಕ ಶಾಲೆಯ ಕಾಗದವನ್ನು ಮಡಚಿ ಎದೆಗೆ ಹಿಡಿದುಕೊಂಡಿದ್ದಳು, ಮನೆಯ ಕಾಗದ ಆದ ಕೂಡಲೇ ಹೋಗಿ ಹೆಸರು ಹಚ್ಚಬೇಕೆಂದು. ನಾಲಿಗೆ ಒಣಗಿ ಅಂಗುಳಕ್ಕೆ ಹತ್ತಿತ್ತು. ಸಾವ್ಕಾರನ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೊಡ ಹಿಡಿದು ನಿಂತಿದ್ದಳು. "ಒಂದೀಟು ನೀರು ಕೊಡ್ರಿ ಅಕ್ಕಾರ" ಎಂದಳು ನಮ್ಮ ಅಕ್ಕ. ಆ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕೊಡವನ್ನು ಬಗ್ಗಿಸಿ, ಇದ್ದ ನೀರನ್ನೆಲ್ಲ ದಾರಿಗೆ ಸುರಿದಳು. "ನೀರಿಲ್ಲ" ಎಂದು ಬಾಗಿಲು ಹಾಕಿಕೊಂಡಳು. ಕಾದ ಮಣ್ಣು ಆ ನೀರನ್ನು ನಮ್ಮ ಕಣ್ಣೆದುರೇ ಕುಡಿಯಿತು. ಈಗಲೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಸಾವ್ಕಾರ ತನ್ನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಮನೀ ಆಯಿ, ಕಾಗದ ಬರೆಯುವವರು, ನಾವು, ಎಲ್ಲರೂ ಅವನ ಮುಂದೆ ನಿಂತೆವು.

"ಸಾವ್ಕಾರ್ರ, ಗ್ವಾಡಿಗಿ ಕೈ ಹಚ್ಚಿ ಒಂದು ಮಾತು ಹೇಳ್ರಿ" ಎಂದ ಅಪ್ಪ.

"ಹಗೇವು ಇಳ್ಯಾಕ ಬಾ, ಬ್ಯಾಡ ಅನ್ನಂಗಿಲ್ಲ. ಗ್ವಾಡಿಗಿ ಗ್ವಾಡಿ ಹಚ್ಚಿ ಇರ್ತೀನಿ ಅಂದ್ರ ಹ್ಯಾಂಗಲೇ? ನಾ ಕೈ ಹಚ್ಚಂಗಿಲ್ಲ." ಆಮೇಲೆ ಆಯಿಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ಆಯಿ, ಮನಿ ನನಗೇ ಕೊಡು. ಇವರ ಉಸಾಬರಿ ನಿನಗ್ಯಾಕ?"

ಕಾಗದ ಬರೆಯುವವರು ಲೇಖಣಿಗೆ ಮುಚ್ಚಳ ಹಾಕಿದರು. "ಚಕ್ಕುಬಂದಿ ಆಗದ ನಾ ಬರ್ಯಾಂಗಿಲ್ರಿ" ಎಂದರು. ಅಕ್ಕ ಅಳಲಿಲ್ಲ. ಕೈಯಲ್ಲಿದ್ದ ಕಾಗದವನ್ನು ಇನ್ನೂ ಸಣ್ಣಗೆ ಮಡಚಿದಳು.

ಆಯಿ ಮಾತ್ರ ಗಟ್ಟಿ ಹೆಂಗಸು. "ಅಂವ ಹಚ್ಚಲಿ ಬಿಡಲಿ, ಬಂದೀರಿ ಅಂದಮ್ಯಾಲ ಮನಿ ನೋಡ್ಕೊಂಡು ಹೋಗ್ರಿ" ಎಂದು ಕೀಲಿ ತೆಗೆದು ಒಳಗೆ ಕರೆದಳು. ಕಾಗದ ಬರೆಯುವವರೂ ನೆರಳಿಗೆಂದು ಬಂದರು. ದಪ್ಪ ಮಣ್ಣಿನ ಗೋಡೆ, ತಂಪಾದ ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಒಂದು ರೊಟ್ಟಿಯಷ್ಟು ಬೆಳಕು. ನನಗೆ ಮನೆ ಬಹಳ ಸೇರಿತು. ಹಿಂದಿನ ಅಂಗಳದಲ್ಲಿ ಆಯಿ ನೆಲ ತೋರಿಸಿ, "ಇಲ್ಲೊಂದು ಹಗೇವು ಅದ. ನಮ್ಮ ಯಜಮಾನ್ರು ಹೋದಮ್ಯಾಲ ಖಾಲಿನೇ ಬಿದ್ದದ" ಎಂದಳು.

ಅಪ್ಪ ಆ ಹಗೇವಿನ ಕಲ್ಲಿನ ಮೇಲೆಯೇ ನಿಂತಿದ್ದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದಿದ್ದ. ಆ ಬಿಸಿಲಿಗೆ ಪರಸಿ ಕಲ್ಲು ಹಂಚಿನ ಹಾಗೆ ಕಾದಿರಬೇಕು, ಆದರೂ ಅವನು ಕಾಲು ಕದಲಿಸಲಿಲ್ಲ. ಯಾಕೆ ಹಾಗೆ ನಿಂತಿದ್ದಾನೆ ಎಂದು ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಕಲ್ಲಿನ ಸುತ್ತ ಮೆತ್ತಿದ್ದ ಮಣ್ಣು ಹೊಸದು. ಒಂದು ಕಡೆ ಅದು ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ನನಗೆ ಗೊತ್ತಿದ್ದ ವಾಸನೆ ಬಂತು. ನನಗೋ ಖುಷಿಯೋ ಖುಷಿ.

"ಖಾಲಿ ಇಲ್ಲ ಆಯಿ, ತುಂಬ್ಯಾದ! ಜ್ವಾಳದ ವಾಸನಿ ಬರಾಕತ್ತದ. ನಮ್ಮಪ್ಪನ ಅಂಗಿಗಿ ಹಿಂಗೇ ಬರ್ತದ!"

ಅಪ್ಪ ಕಣ್ಣು ಮುಚ್ಚಿಕೊಂಡ. ಆಯಿ ಅವನ ಮುಖವನ್ನೇ ನೋಡಿದಳು. "ತಮ್ಮಾ, ಕಲ್ಲ ಮ್ಯಾಲಿಂದ ಸರಿ" ಎಂದಳು. ಅವನು ಸರಿಯಲಿಲ್ಲ. "ಸರೀಲೇ ಅಂದೆ!" ಎಂದು ಗದರಿದ ಮೇಲೆ ಸರಿದ. ಕಾಗದ ಬರೆಯುವವರು ಹಾರೆ ಹಾಕಿ ಕಲ್ಲು ಮೀಟಿದರು. ಬಿಸಿ ಗಾಳಿ ಭಗ್ಗೆಂದು ಮುಖಕ್ಕೆ ಹೊಡೆಯಿತು. ಕೆಳಗೆ ಕಂಠಮಟ್ಟ ಬಿಳಿಜೋಳ.

ಆಯಿ ಗೋಡೆಯ ಕಡೆ ಮುಖ ಮಾಡಿ ಕೂಗಿದ್ದು ಇಡೀ ಓಣಿಗೆ ಕೇಳಿಸಿತು. "ಸಾವ್ಕಾರಾ! ನಾ ಕೀಲಿ ಹಾಕಿದ ಮನ್ಯಾಗ ಇದು ಯಾರಪ್ಪನ ಜ್ವಾಳಲೇ?"

ಅವನ ಜೋಳವೇ. ಗೋಡೆ ಹಾರಿಸಿ ಆಳುಗಳನ್ನು ಇಳಿಸಿ, ಮುಚ್ಚಿದ ಮನೆಯ ಹಗೇವನ್ನು ತನ್ನದು ಮಾಡಿಕೊಂಡಿದ್ದ. ಮನೆ ಬೇರೆಯವರ ಪಾಲಾದರೆ ಗುಟ್ಟು ರಟ್ಟಾಗುತ್ತಿತ್ತು. ಅವನು ಓಡಿ ಬಂದವನು ಆಯಿಯನ್ನು ನೋಡಲಿಲ್ಲ, ಅಪ್ಪನನ್ನು ನೋಡಿದ. ಯಾಕೆಂದರೆ ಹಿಂದಿನ ಸುಗ್ಗಿಯಲ್ಲಿ ಆ ಹಗೇವನ್ನು ತುಂಬಿ ಮುಚ್ಚಿದವನು ನಮ್ಮ ಅಪ್ಪನೇ.

"ಸಣ್ಣ ಹುಡುಗಿ ಬಾಯಿಲೆ ಹೇಳಿಸ್ದಿ ಏನಲೇ?"

"ನಾ ಹೇಳಿಲ್ರಿ" ಎಂದ ಅಪ್ಪ. ಒಂದೇ ಸಲ ಹೇಳಿದ. ಯಾರೂ ನಂಬಲಿಲ್ಲ.

ಆಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಗ್ವಾಡಿಗಿ ಕೈ ಹಚ್ತಿಯೋ, ಊರಾಗ ಡಂಗುರ ಹೊಡಸ್ಲೋ?" ಸಾವ್ಕಾರ ಹಲ್ಲು ಕಚ್ಚಿಕೊಂಡು ಗೋಡೆಗೆ ಅಂಗೈ ಹಚ್ಚಿದ. "ಇಲ್ಲಿ ತನಕ ನಂದು" ಎಂದ. "ಅದರಾಚಿ ನಿಮ್ದು" ಎನ್ನುವ ಬದಲು ನಮ್ಮ ಕಡೆಯ ನೆಲಕ್ಕೆ ಕೆಂಪಗೆ ಉಗುಳಿದ. ಕಾಗದ ಬರೆಯುವವರು ಅದನ್ನೇ ಸಾಕು ಎಂದುಕೊಂಡು ಲೇಖಣಿ ತೆಗೆದರು. ಮನೆ ನಮ್ಮದಾಯಿತು. ಅಕ್ಕ ಶಾಲೆಯ ಕಡೆ ಓಡಿದಳು.

ತಿರುಗಿ ಹೋಗುವಾಗ ಬಸ್ಸಿನಲ್ಲಿ ನಾನು ಅಪ್ಪನನ್ನು ಕೇಳಿದೆ, "ನಿನಗ ಮೊದಲೇ ಗೊತ್ತಿತ್ತೇನಪ್ಪಾ?"

"ಆಯಿಗಿ ಕೇಳೀನಿ ಅಂತ ಸಾವ್ಕಾರ ಅಂದಿದ್ದ. ಅದು ಸುಳ್ಳ ಅಂತ ಇವತ್ತ ತಿಳೀತು."

"ಮತ್ತ ನೀನೇ ಯಾಕ ಹೇಳಲಿಲ್ಲ?"

"ಅದು ನಾ ಹೇಳೂ ಮಾತಲ್ಲವ್ವಾ" ಎಂದ. ಅವನ ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಅವನು ಅವುಗಳನ್ನು ಒತ್ತಿ ನೋಡುತ್ತ ಕೂತಿದ್ದ.

ಆ ದಿನದಿಂದ ಅಪ್ಪನನ್ನು ಯಾರೂ ಹಗೇವಿಗೆ ಕರೆಯಲಿಲ್ಲ. ಬಾಯಿ ಬಿಡುವ ಮನುಷ್ಯ ಎಂದು ಊರೆಲ್ಲ ಆಯಿತು. ಕಂದೀಲು, ಹಗ್ಗ ಎರಡೂ ಗೂಟಕ್ಕೆ ನೇತಾಡುತ್ತ ಉಳಿದವು. ಅವನು ಬಜಾರಿನಲ್ಲಿ ತೊಗರಿ ಚೀಲ ಹೊತ್ತ. ಓಣಿಯವರು ನಮಗೆ ಒಂದು ತಂಬಿಗೆ ಮಜ್ಜಿಗೆ ಕೊಡಲಿಲ್ಲ, ಹಬ್ಬಕ್ಕೆ ಕರೆಯಲಿಲ್ಲ, ನಮ್ಮ ಅವ್ವ ತೀರಿಕೊಂಡಾಗಲೂ ಬಾಗಿಲು ತೆರೆಯಲಿಲ್ಲ. ಅಕ್ಕ ಓದಿ ಶಾಲೆಯ ಟೀಚರ್ ಆದಳು, ಅದೊಂದು ದಕ್ಕಿತು. ಅಪ್ಪ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮನೆ ಬಂದದ್ದೂ ನನ್ನ ಬಾಯಿಂದ, ಅವನ ಹೆಸರು ಕೆಟ್ಟದ್ದೂ ನನ್ನ ಬಾಯಿಂದ.

ಗಂಡುಮಕ್ಕಳಿಲ್ಲದ ಮನೆ, ಮದುವೆಯಾದ ಮೇಲೂ ನಾನು ಇಲ್ಲೇ ಉಳಿದೆ. ಹೌದು, ಇದೇ ಮನೆ. ನಿಮ್ಮ ಸೈಕಲ್ಲು ನಿಲ್ಲುವ ಜಾಗದ ಕೆಳಗೇ ಆ ಹಗೇವು ಇದೆ. ಕಲ್ಲು ಮಣ್ಣು ತುಂಬಿ ಟೈಲ್ಸು ಹಾಕಿದ್ದಾರೆ. ನಿಮಗೆ ನಲ್ಲಿ ತಿರುಗಿಸಿದರೆ ನೀರು, ಮನೆ ನೋಡಬೇಕೆಂದರೆ ಮೊಬೈಲಿನಲ್ಲಿ ಫೋಟೋ. ಸಾವ್ಕಾರನ ಮೊಮ್ಮಕ್ಕಳು ಪಕ್ಕದ ಮನೆ ಮಾರುತ್ತಿದ್ದಾರೆ, ಅದೂ ಮೊಬೈಲಿನಲ್ಲೇ. ರವಿವಾರ ಜೇವರ್ಗಿ ಕಡೆಯ ಒಂದು ಸಂಸಾರ ನೋಡಲು ಬಂದಿತ್ತಲ್ಲ, ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು? ದೊಡ್ಡವಳನ್ನು ಇಲ್ಲಿಯ ಶಾಲೆಗೆ ಹಾಕಬೇಕಂತೆ. ಅವರು ಟಂಟಂ ಆಟೋದಿಂದ ಇಳಿಯುವ ಮೊದಲೇ ನಿಮ್ಮ ಅಪ್ಪ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, "ಯಾವ ಮಂದಿ ನೀವು?" ಎಂದು ಕೇಳಿದ. ಅವರು ಹೇಳಿದ ಮೇಲೆ "ಇಲ್ಲಿ ನೀರಿಂದು ಭಾಳ ತ್ರಾಸ ಅದರಿ" ಎಂದ. ಆ ಹುಡುಗಿ ಕುಡಿಯಲು ನೀರು ಕೇಳಿದಳು. ನಿಮ್ಮ ಅವ್ವ ಫಿಲ್ಟರ್ ಕೆಟ್ಟಿದೆ ಎಂದಳು. ನೀವಿಬ್ಬರೂ ತಣ್ಣನೆಯ ಬಾಟಲಿ ಕೈಯಲ್ಲಿ ಹಿಡಿದು ಕೂತಿದ್ದಿರಿ, ತಲೆ ಎತ್ತಲಿಲ್ಲ.

ಸಿಟ್ಟು ಯಾರ ಮೇಲೆಂದು ಈಗ ತಿಳಿಯಿತಲ್ಲ? ಗೋಡೆ ಅದೇ. ಅವತ್ತು ಅದರ ಆ ಕಡೆ ನಿಂತು ಸಾವ್ಕಾರ ಆಡಿದ್ದನ್ನು ಇವತ್ತು ಈ ಕಡೆ ನಿಂತು ನಾವು ಆಡುತ್ತಿದ್ದೇವೆ.

ನಾಳೆ ಅವರು ಜಾಗ ಅಳೆಸಲು ಮತ್ತೆ ಬರುತ್ತಾರೆ. ಕೈ ಹಚ್ಚುವ ಪದ್ಧತಿ ಈಗಿಲ್ಲ, ಅಷ್ಟು ನನಗೂ ಗೊತ್ತು. ಆದರೂ ನಾನು ಹೋಗಿ ಆ ಗೋಡೆಗೆ ಅಂಗೈ ಹಚ್ಚಿ, ಅವತ್ತು ಸಾವ್ಕಾರ ಆಡದೆ ಬಿಟ್ಟ ಆ ಉಳಿದರ್ಧ ಮಾತನ್ನೂ ಹೇಳುತ್ತೇನೆ. ನಿಮ್ಮ ಅಪ್ಪ ಸಿಡಿಮಿಡಿ ಮಾಡಿದರೆ ಮಾಡಲಿ. ಅವತ್ತು ನಾನು ಗೊತ್ತಿಲ್ಲದೆ ಬಾಯಿ ಬಿಟ್ಟೆ, ನಾಳೆ ಗೊತ್ತಿದ್ದೇ ಬಿಡುತ್ತೇನೆ. ನೀವಿಬ್ಬರೂ ಒಂದು ಕೊಡ ನೀರು ಹಿಡಿದು ನನ್ನ ಪಕ್ಕದಲ್ಲಿ ನಿಲ್ಲಬೇಕು.