ಮೇಷ್ಟ್ರ ಮಗಳ ಸೊಟ್ಟ ಮೊರ

ಅಸೂಯೆಯೆಂಬುದು ಅನಾದಿಯಿಂದ ಮನುಷ್ಯಕುಲವನ್ನು ಸುಡುತ್ತ ಬಂದಿರುವ ಬೆಂಕಿ. ಅದರಿಂದ ರಾಜ್ಯಗಳು ಉರುಳಿವೆ, ವಂಶಗಳು ಅಳಿದಿವೆ. ನನ್ನನ್ನು ಅದು ಮೊದಲು ಸುಟ್ಟದ್ದು ಒಂದು ಜೊತೆ ಮೊರದ ದೆಸೆಯಿಂದ.

ಸಂಸ್ಕೃತ ಮೇಷ್ಟ್ರ ಮಗಳ ಹೆಬ್ಬೆರಳಲ್ಲಿ ಯಾವಾಗಲೂ ಒಂದು ಬಿದಿರಿನ ಸಿಬಿರು ಇರುತ್ತಿತ್ತು. ನಾವು ಮೇದಾರರು, ಶಿವಮೊಗ್ಗದ ನಮ್ಮ ಕೇರಿಯಲ್ಲಿ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುತ್ತಿದ್ದೆವು. ಅವಳು ನನ್ನ ತರಗತಿಯವಳು. ಸ್ಕೂಲು ಬಿಟ್ಟೊಡನೆ ಜಡೆಗಳನ್ನು ಬೆನ್ನಿಗೆ ಎಸೆದು, ಜರಿಯಂಚಿನ ಲಂಗ ಮೇಲಕ್ಕೆ ಸಿಕ್ಕಿಸಿ, ನಮ್ಮ ಅಂಗಳದಲ್ಲಿ ಕೂರುತ್ತಿದ್ದಳು. ಸಿಬಿರು ಚುಚ್ಚಿದರೆ ನಮ್ಮವ್ವನ ಮುಂದೆ ಬೆರಳು ಚಾಚಿ, "ಸೂಜಿ ತಗೊಳ್ಳಿ ಅವ್ವಾ, ನಮ್ಮನೇಲಿ ಮಾತ್ರ ಹೇಳ್ಬೇಡಿ" ಎನ್ನುತ್ತಿದ್ದಳು. ನಮ್ಮ ಕೇರಿಯಿಂದ ಹೋದವಳು ಹಿತ್ತಲಲ್ಲಿ ಸ್ನಾನ ಮಾಡಿಯೇ ಮನೆಯೊಳಗೆ ಕಾಲಿಡಬೇಕಿತ್ತು. ಹಾಗಾಗಿ ಅವಳಷ್ಟು ಶುಚಿಯಾದ ಹುಡುಗಿ ಇಡೀ ಊರಿನಲ್ಲಿರಲಿಲ್ಲ.

ಒಂದಿಡೀ ಬೇಸಿಗೆ ಕೂತು ಅವಳೊಂದು ಮೊರ ಹೆಣೆದಳು. ಅದರ ಒಂದು ಮೂಲೆ ಆಕಾಶ ನೋಡುತ್ತಿತ್ತು, ಇನ್ನೊಂದು ನೆಲ.

"ಇದ್ಯಾವ ಕಡೆ ಹೊರಟಿದೆ ಮಗಾ?" ಎಂದಳು ಅವ್ವ.

"ತಡೀರಿ ಅವ್ವಾ, ಒಣಗಿದ್ಮೇಲೆ ಸರಿಹೋಗುತ್ತೆ."

ಸರಿಹೋಗಲಿಲ್ಲ. ಅವ್ವ ಅದನ್ನು ಗೋಡೆಗೆ ನೇತುಹಾಕಿದಳು.

ಗೌರಿ ಹಬ್ಬಕ್ಕೆ ಮೇಷ್ಟ್ರ ಮನೆಗೆ ಬಾಗಿನದ ಮೊರ ಹೋಗುತ್ತಿದ್ದುದು ನಮ್ಮಿಂದಲೇ. ಅಕ್ಕಿ, ಬೇಳೆ, ಬಳೆ ತುಂಬಿದ ಮೊರಕ್ಕೆ ಇನ್ನೊಂದು ಮೊರ ಮುಚ್ಚಿ ಮುತ್ತೈದೆಯರಿಗೆ ಕೊಡುವುದು ಪದ್ಧತಿ. ನಾನು ಹೊತ್ತು ತಂದ ಮೊರ ಅರಿಸಿನ ಹಚ್ಚಿಸಿಕೊಂಡು ನೆಟ್ಟಗೆ ದೇವರ ಮನೆಗೆ ನಡೆಯುತ್ತಿತ್ತು. ನಾನು ಜಗುಲಿಯಲ್ಲಿ ಕೂರುತ್ತಿದ್ದೆ. ಅವ್ವ ಹೆಣೆದದ್ದು ಗೌರಿಯ ಪಕ್ಕದಲ್ಲಿ, ಅವ್ವ ಹೆತ್ತದ್ದು ಚಪ್ಪಲಿಗಳ ಪಕ್ಕದಲ್ಲಿ! ಆ ಮೊರಕ್ಕೆ ಹುಳು ಬೀಳಲೆಂದು ಗೌರಿಗೇ ಹರಕೆ ಹೊತ್ತಿದ್ದೇನೆ.

ಮೊರಕ್ಕಿಂತ ದೊಡ್ಡ ಶತ್ರು ಹಬ್ಬಕ್ಕೆಂದು ಭದ್ರಾವತಿಯಿಂದ ಬರುತ್ತಿದ್ದಳು. ಅವಳು ನನ್ನ ಗೆಳತಿಯ ಚಿಕ್ಕಪ್ಪನ ಮಗಳು, ಕಾರ್ಖಾನೆಯ ಕ್ವಾರ್ಟರ್ಸಿನವಳು. ದೇವರ ಮನೆ, ಅಡುಗೆ ಮನೆ, ಗೆಳತಿಯ ಹಾಸಿಗೆ ಎಲ್ಲವೂ ಅವಳಿಗೆ ಮುಕ್ತ. ಒಂದು ಹಬ್ಬದಲ್ಲಿ ಹೊಸ್ತಿಲ ಮೇಲೆ ನಿಂತು, "ಮೊರ ಕೊಟ್ಟಾಯ್ತಲ್ಲೇ, ಇನ್ನೂ ಯಾಕೆ ಕೂತಿದ್ದೀಯ?" ಎಂದಳು.

ಮೇಷ್ಟ್ರ ಮಗಳು ಕಡುಬಿನ ಎಲೆ ಹಿಡಿದು ಹೊರಗೆ ಬಂದಳು. "ಇವಳ ಮನೆ ಮೊರ ಗೌರಿ ಹತ್ರ ಇದೆ. ನೀನು ಮಾಡಿದ್ದು ಏನಿದೆಯೇ ಒಳಗೆ?"

"ಕಾಯಿ ತುರಿದಿದ್ದೀನಿ!"

"ಅರ್ಧ ತಿಂದೂ ಇದ್ದೀಯ." ಅವಳು ನನ್ನ ಪಕ್ಕದಲ್ಲಿ ಕೂತಳು. "ಕೇಳ್ಕೋ, ನನ್ನ ಮದುವೆ ಆದ ವರ್ಷ ಮೊದಲನೇ ಬಾಗಿನ ಇವಳಿಗೇ."

"ಮತ್ತೆ ನಂಗೆ?"

"ತಡಿ ಮಾರಾಯ್ತಿ, ನೋಡೋಣ."

ನಾನು ಬೇಗ ಮದುವೆಯಾಗಿ ಭದ್ರಾವತಿಯ ಮೇದಾರ ಕೇರಿ ಸೇರಿದೆ. ಕೆಲವು ವರ್ಷಗಳ ಮೇಲೆ ಮೇಷ್ಟ್ರ ಮಗಳೂ ಅದೇ ಊರಿಗೆ ಸೊಸೆಯಾಗಿ ಬಂದಳು. ಮನೆ ಸಿಕ್ಕಿದ್ದು, ವಿಧಿಯ ಕೃಪೆ, ಮದುವೆಯಾಗಿಯೂ ಊರು ಬಿಡದ ಆ ಚಿಕ್ಕಪ್ಪನ ಮಗಳ ಪಕ್ಕದಲ್ಲೇ. ಸಂತೆಯಲ್ಲಿ ಇಬ್ಬರೂ ಒಂದೇ ಕೊಡೆಯಡಿ ಹೋಗುವುದನ್ನು ಕಂಡು ನಾನು ಬುಟ್ಟಿಗಳ ಹಿಂದೆ ಬಗ್ಗಿದೆ. ಗೌರಿ ಹಬ್ಬ ಬಂತು. ಅವರ ಮನೆಯಿಂದ ನಮ್ಮಲ್ಲಿಗೆ ಮೊರ ಕೊಳ್ಳಲು ಕೂಡ ಯಾರೂ ಬರಲಿಲ್ಲ.

ಹಬ್ಬದ ದಿನ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಕೂತೆ.

"ಯಾರಿಗೆ ಕಾಯ್ತಿದ್ದೀಯೇ?" ಎಂದರು ಅತ್ತೆ.

"ಯಾರಿಗೂ ಇಲ್ಲ ಅತ್ತೆ, ಗಾಳಿಗೆ."

ಮಧ್ಯಾಹ್ನ ದಾಟಿದ ಮೇಲೆ ಅವಳು ಬೆವರುತ್ತ ಬಂದಳು, ಕೈಯಲ್ಲಿ ಬಾಗಿನ. ಹಿಂದೆ ಕೊಡೆ ಹಿಡಿದು ಭದ್ರಾವತಿಯವಳು. ಕೆಳಗಿನ ಮೊರ ನಮ್ಮವ್ವನ ಕೈಯದು. ಅಂಚಿನ ಕಟ್ಟು ನೋಡಿದೊಡನೆ ತಿಳಿಯಿತು. ಮೇಲೆ ಮುಚ್ಚಿದ್ದು ಅದೇ ಸೊಟ್ಟ ಮೊರ. ಸಂದಿಯಿಂದ ದಾರಿಯುದ್ದಕ್ಕೂ ಅಕ್ಕಿ ಚೆಲ್ಲಿತ್ತು.

"ತವರಿಗೆ ಹೋಗಿ ಅವ್ವನ ಹತ್ರ ಇಸ್ಕೊಂಡು ಬಂದೆ. ಒಣಗಿ ಇಷ್ಟು ವರ್ಷ ಆಯ್ತು, ಇನ್ನೂ ಸರಿಹೋಗಿಲ್ಲ ಕಣೇ."

"ಮೊದಲು ನಿಂಗೇ ಕೊಡ್ಬೇಕಂತೆ," ಎಂದಳು ಕೊಡೆಯವಳು. "ಅಲ್ಲೀತನಕ ಇವಳೂ ತಿನ್ನಲ್ಲ, ನಮಗೂ ಬಡಿಸಲ್ಲ. ಇವಳ ಅತ್ತೆ ಅಲ್ಲಿ ಕೆಂಡವಾಗಿದ್ದಾರೆ."

ಕೊಡೆಯವಳ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಗೌರಿ ಹಬ್ಬಗಳಲ್ಲಿ ಅದನ್ನು ನಾನೇ ಹೊತ್ತುಕೊಂಡು ಜಗುಲಿಯಲ್ಲಿ ಕೂತಿದ್ದೆ.

ನಮ್ಮ ಮನೆಗೆ ಜಗುಲಿ ಇರಲಿಲ್ಲ. ಮೇಷ್ಟ್ರ ಮಗಳು ಒಳಗೆ ಬಂದು, ನಮ್ಮ ದೇವರ ಮುಂದೆ ಕೂತು, ಸೆರಗು ಮುಚ್ಚಿ ಬಾಗಿನ ಕೊಟ್ಟಳು. ಭದ್ರಾವತಿಯವಳು ಹೊರಗೇ ನಿಂತಿದ್ದಳು.

ಎರಡನೆಯ ಹೆರಿಗೆಯಲ್ಲಿ ಮೇಷ್ಟ್ರ ಮಗಳು ತೀರಿಕೊಂಡಳು. ಸೊಟ್ಟ ಮೊರ ನನ್ನ ಗೋಡೆಯ ಮೇಲಿದೆ. ಅದರಲ್ಲಿ ಏನನ್ನೂ ಕೇರಲು ಬರುವುದಿಲ್ಲ. ಅವಳು ಅದನ್ನು ತಂದ ವರ್ಷದ ಎರಡನೆಯ ಬಾಗಿನ ಅವಳ ಅತ್ತೆಗೆ ಹೋಯಿತು. ಭದ್ರಾವತಿಯವಳಿಗೆ ಸಿಕ್ಕಿದ್ದು ಮೂರನೆಯದು.