ಮೂಗಿನಿಂದ ತೆಗೆದ ವಿಡಿಯೊ

ಕಮಲಾಪುರದ ಬಸ್ ನಿಲ್ದಾಣದೆದುರು ಕೆಂಬಾಳೆ ಮಾರುವ ಅಮೋಘಪ್ಪನ ಮೂಗು ದೂರದಿಂದಲೇ ಕಾಣುತ್ತದೆ. ಬಲಗೈ ಮಾತ್ರ ಸದಾ ಟವೆಲಿನ ಮರೆಯಲ್ಲಿ. ಕುಷ್ಠರೋಗ ಎಂದೋ ವಾಸಿಯಾಗಿತ್ತು, ಆದರೆ ಮಡಿಚಿದ ಬೆರಳುಗಳು ಹಾಗೇ ಉಳಿದವು. ಊರಿಗೆಲ್ಲ ಇದು ಗೊತ್ತು, ಕಲಬುರಗಿಯ ಬೀಗರಿಗೆ ಗೊತ್ತಿಲ್ಲ. ತಾಯಿಯಿಲ್ಲದ ಮಗಳು ಭಾಗ್ಯಳ ಮದುವೆಯನ್ನು ಹೇಗೋ ಶಲ್ಯದಡಿ ಕೈ ಮುಚ್ಚಿಕೊಂಡು ದಾಟಿಸಿದ್ದ. ಈಗ ಮೊಮ್ಮಗ ಹುಟ್ಟಿದ್ದ. ಹೋದಮೇಲೆ ಕೂಸನ್ನು ಎತ್ತಿಕೊಳ್ಳದೆ ಬರಲಾದೀತೇ? ಎತ್ತಿಕೊಂಡರೆ ಕೈ ಕಾಣದೆ ಇದ್ದೀತೇ? ಏನೇನೋ ನೆಪ ಹೇಳುತ್ತ ಅವನು ಆ ಕಡೆ ಹೋಗಿರಲೇ ಇಲ್ಲ.

ಆಗ ಸೇಡಂ ರಸ್ತೆಯ ಸಂಶೋಧನಾ ಸಂಸ್ಥೆಯೊಂದರ ಶುಭದಾ ಬಂದು ಫೋನು ಕೊಟ್ಟಳು. "ಕಾಕಾ, ಈ ರೋಗ ಬಂದು ಹೋದೋರ ದಿನ ಹ್ಯಾಂಗಿರ್ತದ ಅಂತ ಡಾಕ್ಟರಿಗೆ ನಾವು ಹೇಳೋದ ಬ್ಯಾಡ. ನೀವೇ ವಿಡಿಯೊ ಮಾಡಿ ತೋರಸ್ರಿ."

"ಮಾರಿ ಕಾಣಬಾರದ್ರಿ ಅಕ್ಕೋರ. ಮಗಳ ಸಂಸಾರದ ಮಾತದ."

"ಕತ್ತರಿಸಿ ತೆಗೀತೀನ್ರಿ."

ಆ ಫೋನಿಗೆ ಎಷ್ಟು ಸೊಕ್ಕು! ಅವನ ಜಡಗಟ್ಟಿದ ಬೆರಳು ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಮೂಗಿನಿಂದ ಒತ್ತಿದ, ಕೇಳಿತು. ಕ್ಯಾಮೆರಾ ಅವನ ಕಡೆಗೇ ಇದ್ದುದರಿಂದ ಪ್ರತಿ ವಿಡಿಯೊದ ಮೊದಲಿಗೂ ಮೂಗು, ಕೊನೆಗೂ ಮೂಗು. ನಡುವೆ ಫೋನನ್ನು ಹೊರಕ್ಕೆ ತಿರುಗಿಸಿದಾಗ ಸಿಕ್ಕವರು, ಹಣವನ್ನು ಕೈಗೆ ಕೊಡದೆ ಗೋಣಿಚೀಲದ ಮೇಲೆ ಎಸೆದು ಹೋಗುವ ಗಿರಾಕಿಗಳು. ಎಲಾ ಮಹರಾಯರೇ, ಅವನ ಹಣ್ಣು ತಿನ್ನಬಹುದು, ಕೈ ಮುಟ್ಟಬಾರದು!

ಡಾಕ್ಟರರಿಗೆ ತೋರಿಸುವ ಮುಂಚೆ ಶುಭದಾ ಅವನ ಒಪ್ಪಿಗೆ ಕೇಳಲು ಬಂದಳು. ಮೂಗನ್ನೆಲ್ಲ ಕತ್ತರಿಸಿದ್ದಳು. ಅಮೋಘಪ್ಪ ಪೂರಾ ನೋಡಿದ.

"ಇವ ಯಾರಂತ ನನಗೇ ತಿಳೀವಲ್ದು."

"ನೀವೇ ಹೇಳಿದ್ರಲ್ಲ, ಕಾಕಾ?"

"ಹೌದ್ರಿ. ಡಾಕ್ಟರಿಗೆ ಇದೇ ಇರಲಿ. ಮಗಳಿಗೆ ಮಾರಿ, ಕೈ ಮುಚ್ಚದೆ ಬ್ಯಾರೆ ಒಂದು ಮಾಡ್ತೀನಿ."

ಮೂಗಿನಿಂದ ಒತ್ತಿ ಹಿಂದೆ ಸರಿದು, ಟವೆಲು ತೆಗೆದು ಎರಡೂ ಕೈ ಮುಂದೆ ಹಿಡಿದ. "ಭಾಗ್ಯಾ, ನಾ ಯಾಕ ಬರವಲ್ಲೆ ಅಂದ್ರ ಇದಕ್ಕವ್ವ. ಈಗ ರೋಗ ಇಲ್ಲ, ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರ್ ಅಂದಾರ. ನಿಮ್ಮ ಅತ್ತೆಗೆ ತೋರ್ಸೋದು ಬಿಡೋದು ನಿನಗ ಬಿಟ್ಟದ್ದು." ಶುಭದಾ ಕಣ್ಣೊರೆಸಿಕೊಂಡು ಅದನ್ನು ಕಳಿಸಿದಳು.

ಉತ್ತರವೇ ಬರಲಿಲ್ಲ. ಮಗಳ ಮನೆಯನ್ನು ತಾನೇ ಕೆಡಿಸಿದೆನೆಂದು ಅಮೋಘಪ್ಪ ಊಟ ಬಿಟ್ಟ. ಅಯ್ಯೋ ಪಾಪ, ಹಣ್ಣು ಕೊಳೆತದ್ದೂ ಅವನಿಗೆ ತಿಳಿಯಲಿಲ್ಲ.

ಭಾನುವಾರ ಕಲಬುರಗಿ ಬಸ್ಸಿನಿಂದ ಭಾಗ್ಯ ಇಳಿದಳು. ಹಿಂದೆಯೇ ಅವಳ ಅತ್ತೆ ರೇವಮ್ಮ, ಕಂಕುಳಲ್ಲಿ ಕೂಸು. ಅಮೋಘಪ್ಪನ ಬಲಗೈ ತನ್ನಷ್ಟಕ್ಕೆ ಟವೆಲಿನೊಳಗೆ ಹೋಯಿತು. ರೇವಮ್ಮ ನೆಟ್ಟಗೆ ಬಂದು ಎದುರು ನಿಂತು ಗದರಿದಳು.

"ಬೀಗರ, ಮೊದಲ ಆ ಟವೆಲ್ ತೆಗೀರಿ. ಒಂದ ಕೈಲೆ ಕೂಸಿನ್ನ ಹ್ಯಾಂಗ ಹಿಡೀತೀರಿ? ಬಿದ್ದಗಿದ್ದೀತು!"