ಉಳುಕಿದ ಕಾಲು, ಒಂದು ಜೊತೆ ಚಪ್ಪಲಿ

ತುಟಿಯ ಒಂದು ಮೂಲೆಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಇನ್ನೊಂದು ಮೂಲೆಯಿಂದ ನಮ್ಮ ದರ್ಜಿಯವರು ಮಾತಾಡುತ್ತಿದ್ದರು. ಸೂಜಿ ಇದ್ದದ್ದು ಎಡಮೂಲೆಯಲ್ಲಿ ಎಂದು ನನ್ನ ನೆನಪು. ಬಲಮೂಲೆಯಲ್ಲಿ ಎಂದು ನನ್ನ ಹೆಂಡತಿಯದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಅಳೆಯದೆ ಯಾವುದನ್ನೂ ನಂಬಬಾರದೆಂದು ಕಲಿತು ಬಂದವನು ನಾನು. ನನ್ನ ನೆನಪನ್ನು ಅಳೆಯುವ ಉಪಾಯ ತಿಳಿಯದ ಕಾರಣ ಇಲ್ಲಿ ಅವಳ ನೆನಪಿಗೂ ಜಾಗ ಕೊಟ್ಟಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದಲ್ಲಿ ಹೈಸ್ಕೂಲು ಅಧ್ಯಾಪಕ. ಪೇಟೆಯ ಒಂದು ದರ್ಜಿಯಂಗಡಿಯ ಅಟ್ಟ ನನ್ನ ಬಿಡಾರ. ದರ್ಜಿಯವರು ಐವತ್ತು ದಾಟಿದ, ದೊಡ್ಡ ಗಂಟಲಿನ ಮನುಷ್ಯ. ಪೇಟೆಯ ಅರ್ಧ ಜನರ ಅಳತೆ ಅವರಿಗೆ ಬಾಯಿಪಾಠ. ಉಳಿದರ್ಧ ಜನರ ಸಂಗತಿಗಳೂ. ಕೊಡೆ, ಚೀಲ, ತಮ್ಮ ಚಪ್ಪಲಿಯ ಬಾರು, ಏನು ಹರಿದರೂ ನೀಲಿ ನೂಲಿನಲ್ಲಿ ತಾವೇ ಹೊಲಿದುಕೊಳ್ಳುತ್ತಿದ್ದರು. "ನೀಲಿ ಎಲ್ಲದಕ್ಕೂ ಆಗ್ತದೆ" ಎನ್ನುವರು. ಅದು ಯಾವುದಕ್ಕೂ ಹೊಂದುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಟ್ಟದ ಏಣಿಯ ಕೊನೆಯ ಮೆಟ್ಟಿಲು ತಪ್ಪಿ ನನ್ನ ಪಾದ ಒಳಕ್ಕೆ ಮಡಚಿಕೊಂಡಿತು. ನೋಡನೋಡುತ್ತಿದ್ದಂತೆ ಕಾಲಿನ ಗಂಟು ಊದಿತು. ಡಾಕ್ಟರು ಒತ್ತಿ ನೋಡಿ, ಎಲುಬು ಸರಿಯಿದೆ, ಉಳುಕಿದ್ದಷ್ಟೆ, ಕಾಲನ್ನು ಎತ್ತರದಲ್ಲಿಟ್ಟು ಮಲಗಿ ಎಂದರು. ಉಳಿದದ್ದನ್ನು ದರ್ಜಿಯವರು ವಹಿಸಿಕೊಂಡರು. ಎಣ್ಣೆ ಹಾಕಿ ತಿಕ್ಕುತ್ತೇನೆಂದು ಬಂದ ಪಕ್ಕದಂಗಡಿಯವರನ್ನು "ಕೈ ಇಟ್ಟರೆ ನೋಡಿ ಮತ್ತೆ!" ಎಂದು ಓಡಿಸಿದರು. ತಣ್ಣೀರಿನ ಬಟ್ಟೆ ಹಾಕಿದರು. ಆಮೇಲೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಪಟ್ಟಿಯನ್ನು ಪಾದಕ್ಕೂ ಕಣಕಾಲಿಗೂ ಅಡ್ಡಡ್ಡ ಸುತ್ತಿದರು.

"ನೇರ ಕತ್ತರಿಸಿದ್ದು ಎಳೆದರೆ ಹಿಗ್ಗುವುದಿಲ್ಲ ಮಾಸ್ಟ್ರೇ. ಓರೆಯದ್ದು ಕಾಲಿನೊಟ್ಟಿಗೆ ಬರ್ತದೆ. ಬೆರಳು ಜುಮ್ಮೆಂದರೆ ಬಿಚ್ಚಿ."

ಬಾವು ಏರಿಸುತ್ತದೆಂದು ಬದನೆಕಾಯಿಯನ್ನೂ ನಿಷೇಧಿಸಿದರು. ಅದನ್ನು ಮಾತ್ರ ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ನನ್ನ ಚಿಂತೆ ಬರುವ ಭಾನುವಾರದ್ದಾಗಿತ್ತು. ಅಂದು ವಿಟ್ಲಕ್ಕೆ ಹೆಣ್ಣು ನೋಡಲು ಹೋಗಬೇಕು. ಫೋಟೋ ನೋಡಿಯೇ ನಾನು ಮನಸ್ಸು ಮಾಡಿಬಿಟ್ಟಿದ್ದೆ. ಅಷ್ಟರಲ್ಲಿ ಹುಡುಗ ಹೇಗೆಂದು ವಿಚಾರಿಸಲು ಹುಡುಗಿಯ ತಂದೆಯೇ ದರ್ಜಿಯಂಗಡಿಗೆ ಬಂದರು. ಏಣಿ ಹತ್ತಲಾಗದೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ನಾನು ಅದೇ ಹೊತ್ತಿಗೆ ಗೋಡೆ ಹಿಡಿದು ಕುಂಟುತ್ತ ಹೊರಬಂದೆ.

"ಇದು ಹುಟ್ಟಿನಿಂದ ಉಂಟಾ?" ಅವರು ಕೇಳಿದ್ದು ನನ್ನನ್ನಲ್ಲ, ದರ್ಜಿಯವರನ್ನು.

"ಮೊನ್ನೆ ಏಣಿಯಿಂದ ಉಂಟು."

ಬಂದವರು ನಗಲಿಲ್ಲ. ಕೊಟ್ಟ ಬೆಲ್ಲನೀರು ಕುಡಿದು ಹೋದರು.

ಭಾನುವಾರ ವಿಟ್ಲಕ್ಕೆ ಹೋಗಿ ನೆಟ್ಟಗೆ ನಡೆದು ತೋರಿಸುತ್ತೇನೆಂದು ನಾನು ಹಟ ಹಿಡಿದೆ.

"ಒಂದು ದಿನ ನೆಟ್ಟಗೆ ನಡೆದು ಜೀವಮಾನ ಇಡೀ ಕುಂಟುವುದಾ ಮಾರಾಯ್ರೆ? ನಿಮ್ಮ ಚಪ್ಪಲಿ ಕೊಡಿ, ನಾನು ಹೋಗಿ ಬರ್ತೇನೆ."

"ಚಪ್ಪಲಿ ಯಾಕೆ?"

"ಕುಂಟನ ಚಪ್ಪಲಿ ಎರಡೂ ಒಂದೇ ಹಾಗೆ ಸವೆಯುವುದಿಲ್ಲ. ಅವರು ತಿರುಗಿಸಿ ನೋಡ್ಲಿ."

ಸಾಕ್ಷ್ಯವಿರುವ ವಾದ, ನನಗೆ ಹಿಡಿಸಿತು. ಭಾನುವಾರ ಅವರು ಪೇಪರಿನಲ್ಲಿ ಸುತ್ತಿದ ಚಪ್ಪಲಿ ಹಿಡಿದು ಬಸ್ಸು ಹತ್ತಿದರು. ಆಗ ಅವರು ಬರಿಗಾಲಲ್ಲಿದ್ದರೆಂದು ನನ್ನ ನೆನಪು. ಅದು ಅಂದೇ ಕಂಡದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಹೇಳಲಾರೆ. ಸಂಜೆ ಮರಳಿದವರು, "ಅವಸರ ಇಲ್ಲಂತೆ. ಕಾಲು ಸರಿಯಾದ ಮೇಲೆ ಬರ್ಲಿ ಅಂದರು" ಎಂದು ಸೂಜಿಗಳನ್ನು ಬಾಯಿಗಿಟ್ಟುಕೊಂಡರು.

ಬಾವು ಇಳಿದ ಮೇಲೆ ಹಳೆಯ ಮೆಷಿನ್ನಿನ ಬೆಲ್ಟು ಕಳಚಿ, ನನ್ನನ್ನು ಕೂರಿಸಿ ಪೆಡಲು ತುಳಿಸಿದರು. ಬಿಗಿದಿದ್ದ ಗಂಟು ದಿನೇ ದಿನೇ ಸಡಿಲವಾಯಿತು. "ಮಾಸ್ಟ್ರೇ, ನನಗೂ ಒಂದು ಅಂಗಿ" ಎಂದು ದಾರಿಹೋಕರು ಗೇಲಿ ಮಾಡುವರು. ಕೊನೆಗೆ ನಾನು ಕುಂಟದೆ ವಿಟ್ಲಕ್ಕೆ ಹೋದೆ. ಮದುವೆಯ ಅಂಗಿಯನ್ನು ದರ್ಜಿಯವರೇ ಹೊಲಿದರು. ಒಳಹೊಲಿಗೆ ನೀಲಿ.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅವರ ಮನೆಯಿಂದ ಮರಳುವ ದಾರಿಯಲ್ಲಿ ನನ್ನ ಹೆಂಡತಿ ಕಣ್ಣೊರಸಿಕೊಂಡು, ಇದ್ದಕ್ಕಿದ್ದಂತೆ ನಕ್ಕಳು.

"ಅವತ್ತು ಅಪ್ಪ ಜಗಲಿಯಲ್ಲಿ ತಿರುಗಿಸಿ ನೋಡಿದ ಚಪ್ಪಲಿ ನಿಮ್ಮದಲ್ಲ."

"ಮತ್ತೆ ಯಾರದ್ದು?"

"ಬಾರಿಗೆ ನೀಲಿ ನೂಲಿನ ಹೊಲಿಗೆ ಇತ್ತು. ನಿಮ್ಮ ಚಪ್ಪಲಿಯ ಹೊರ ಅಂಚು ಯಾವಾಗಲೂ ಸವೆದೇ ಇರ್ತದೆ, ಎಡದ್ದು ಇನ್ನೂ ಹೆಚ್ಚು. ಅದನ್ನು ತೋರಿಸಿದ್ದರೆ ಅಪ್ಪ ಒಪ್ಪುತ್ತಿದ್ದರಾ?"

"ನಿನಗೆ ಯಾವಾಗ ಗೊತ್ತಾಯ್ತು?"

"ಮದುವೆಯಾಗಿ ಬಂದ ದಿನವೇ. ಆ ಚಪ್ಪಲಿ ದರ್ಜಿಯವರ ಕಾಲಲ್ಲಿತ್ತು. 'ನಾನು ಒಪ್ಪಿದ್ದು ನಿಮ್ಮ ಚಪ್ಪಲಿಯನ್ನು' ಅಂತ ಅವರಿಗೇ ಹೇಳಿದೆ. ನಕ್ಕು ನಕ್ಕು ಬಲಮೂಲೆಯ ಸೂಜಿಯೆಲ್ಲ ನೆಲಕ್ಕೆ! 'ಮಾಸ್ಟ್ರಿಗೆ ಹೇಳಬೇಡ ಮಗಾ, ಅವರು ಅಳೆಯಲಿಕ್ಕೆ ಹೊರಡ್ತಾರೆ' ಅಂದರು."

ಮನೆ ಮುಟ್ಟಿ, ಹೊಸ್ತಿಲಾಚೆ ಬಿಟ್ಟ ಚಪ್ಪಲಿಯನ್ನು ಎತ್ತಿ ತಿರುಗಿಸಿ ನೋಡಿದೆ. ಹೊರ ಅಂಚು ಸವೆದಿತ್ತು. ಎಡದ್ದು ಹೆಚ್ಚು ಎಂದೇ ತೋರಿತು. ಅಳೆಯಲಿಲ್ಲ.